ಹುಷಾರಾದ ಮೇಲೆ ಯಾವ ಕೆಲಸ?

ಕಲಬುರಗಿ ಸೀಮೆಯಲ್ಲಿ ‘ಹುಷಾರ್ ಆಗ್ಯಾನ’ ಅನ್ನುವ ಮಾತಿಗೆ ಬಲು ದೊಡ್ಡ ಹೊಟ್ಟೆ. ತಲೆಗೆ ಪೆಟ್ಟು ಬಿದ್ದು ಸೋಲಾಪುರದಲ್ಲೋ ಕಲಬುರಗಿಯಲ್ಲೋ ಇಪ್ಪತ್ತು ದಿನ ಮಲಗಿ ಬಂದವನು ಎದ್ದು ನಾಲ್ಕು ಹೆಜ್ಜೆ ಹಾಕಿದರೆ, ರೊಟ್ಟಿ ಮುರಿದು ತಿಂದರೆ, ನೋಡಲು ಬಂದ ಬೀಗರನ್ನು ಹೆಸರು ಹಿಡಿದು ಕರೆದರೆ ಅವನು ಹುಷಾರ್. ಹೊಲಿಗೆ ಬಿಚ್ಚಿಯಾಯಿತು, ಹೆಪ್ಪುಗಟ್ಟಿದ್ದ ರಕ್ತ ಕರಗಿದೆ ಎಂದು ಸ್ಕ್ಯಾನಿಂಗ್ ವರದಿಯೂ ಹೇಳಿತು. ಇನ್ನೇನು, ನಾಳೆಯಿಂದ ಹೊಲಕ್ಕೆ ಹೋಗಬಹುದು. ಹೋಗುತ್ತಾನೆ ಕೂಡ. ಒಂದೆರಡು ವಾರ ಕಳೆಯುವುದರೊಳಗೆ ಇನ್ನೊಂದು ಮಾತು ಹುಟ್ಟುತ್ತದೆ: ‘ಮೊದಲಿನಂಗ ಇಲ್ಲ’. ಹಿಡಿದ ಕೆಲಸ ಅರ್ಧಕ್ಕೆ ಬಿಡುತ್ತಾನೆ, ಹನ್ನೊಂದು ಗಂಟೆಗೇ ಸುಸ್ತಾಗಿ ಬೇವಿನ ನೆರಳು ಹಿಡಿಯುತ್ತಾನೆ, ಮಾತು ಮಾತಿಗೆ ಸಿಡುಕುತ್ತಾನೆ. ಆಮೇಲೆ ಬರುವ ಮೂರನೆಯ ಮಾತು, ‘ಮೈಗಳ್ಳ ಆಗ್ಯಾನ’. ಅಲ್ಲಿಗೆ ಅವನ ಸಂಗತಿ ಮುಗಿಯಿತು. ಆಸ್ಪತ್ರೆಯ ಕಡತದಲ್ಲಿ ಮಾತ್ರ ಅವನು ಗುಣಮುಖ.

ಆ ಪೆಟ್ಟು ಎಲ್ಲೆಲ್ಲಿಂದ ಬರುತ್ತದೆ ಎನ್ನುವುದು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾರಿಗೂ ಹೊಸದಲ್ಲ. ರಾಷ್ಟ್ರೀಯ ಹೆದ್ದಾರಿ 50 ಜೇವರ್ಗಿಯನ್ನು ಹಾಯ್ದು ಹೋಗುತ್ತದೆ, 150ಎ ಅಲ್ಲಿಂದಲೇ ಶುರುವಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಅಫಜಲಪುರ, ಆಳಂದದ ಹಳ್ಳಿದಾರಿಗಳ ತುಂಬ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಕತ್ತಲಲ್ಲಿ ಬರುವುದು ಹೆಲ್ಮೆಟ್ ಇಲ್ಲದ ಬೈಕು. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋದವರಿಗೆ ಸೆಂಟ್ರಿಂಗ್ ಮೇಲಿಂದ ಕಾಲು ಜಾರುವ ಭಯ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, ಗಾಯಗೊಂಡವರು 4,43,366. ಈ ಗಾಯಗೊಂಡವರಲ್ಲಿ ಎಷ್ಟು ಜನ ಮತ್ತೆ ದುಡಿಯಲು ಹೋದರು ಎಂಬುದಕ್ಕೆ ಸರ್ಕಾರದ ಕೋಷ್ಟಕದಲ್ಲಿ ಒಂದು ಕಾಲಂ ಕೂಡ ಇಲ್ಲ.

ಮಿದುಳಿಗೆ ಆದ ಗಾಯವನ್ನು ವೈದ್ಯರು ಮೊದಲು ಅಳೆಯುವುದು ಗ್ಲಾಸ್ಗೋ ಕೋಮಾ ಸ್ಕೇಲ್‌ನಿಂದ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಈ ಅಳತೆಯಲ್ಲಿ 3ರಿಂದ 15 ಅಂಕ. ಕಣ್ಣು ತೆರೆಯುತ್ತಾನೆಯೆ, ಮಾತಾಡುತ್ತಾನೆಯೆ, ಹೇಳಿದಂತೆ ಕೈಕಾಲು ಆಡಿಸುತ್ತಾನೆಯೆ ಎಂಬುದಷ್ಟೇ ಅದರ ಪ್ರಶ್ನೆ. ಜೀವ ಉಳಿಸುವ ಗಳಿಗೆಗೆ ಅದು ಬಹಳ ಉಪಯೋಗದ್ದು. ಆದರೆ ಆರು ತಿಂಗಳಾದ ಮೇಲೆ ಇವನು ಅಂಗಡಿ ನಡೆಸಬಲ್ಲನೆ ಎಂಬುದನ್ನು ಅದರಿಂದ ಓದಲು ಬರುವುದಿಲ್ಲ. ಕಿರಾಣಿ ಅಂಗಡಿಯ ಗಲ್ಲೆಯನ್ನೇ ನೋಡಿ. ಒಬ್ಬಳು ಅರ್ಧ ಕೆ.ಜಿ. ಸಕ್ಕರೆ, ನೂರು ಗ್ರಾಂ ಚಹಾಪುಡಿ, ಎರಡು ಸೋಪು ಕೇಳಿ 500ರ ನೋಟು ಚಾಚುತ್ತಾಳೆ. ಸಕ್ಕರೆ ತಕ್ಕಡಿಗೆ ಸುರಿಯುವಷ್ಟರಲ್ಲಿ ಹಿಂದಿನಿಂದ ಒಬ್ಬ ಬೀಡಿ ಕಟ್ಟು ಕೇಳುತ್ತಾನೆ, ಫೋನು ಬಡಿದುಕೊಳ್ಳುತ್ತದೆ, ಮಗುವೊಂದು ಚಾಕಲೇಟಿಗೆ ಕೈ ಹಾಕುತ್ತದೆ. ಇಷ್ಟರ ನಡುವೆ ‘ಸೋಪು ಕೊಟ್ಟೆನೋ ಇಲ್ಲವೋ, ಚಿಲ್ಲರೆ ಎಷ್ಟು ಬರಬೇಕು’ ಎಂಬುದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಪೆಟ್ಟು ತಿಂದಿದ್ದರೆ ಮೊದಲು ಕೈಕೊಡುವುದು ಇದೇ ಶಕ್ತಿ: ಎರಡು ಕಡೆ ಗಮನ ಇಡುವುದು, ಒಂದರ ಹಿಂದೆ ಒಂದು ಜೋಡಿಸುವುದು, ಸಿಟ್ಟು ತಡೆಯುವುದು. ಲೆಕ್ಕ ಬರುತ್ತದೆ, ಸಾಮಾನು ಎಲ್ಲಿದೆ ಗೊತ್ತು, ಗಿರಾಕಿಯ ಗುರುತೂ ಇದೆ; ಎಲ್ಲ ಒಟ್ಟಿಗೆ ಬಂದಾಗ ಮಾತ್ರ ಕೆಲಸ ಕೆಡುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಉಡಾಫೆಯಾಗಿ ಕಾಣುತ್ತದೆ. ಜೊತೆಗೆ ಒಂದು ಬಗೆಯ ದಣಿವು ಇರುತ್ತದೆ. ಅದು ಮೈಯ ದಣಿವಲ್ಲ, ಮಲಗಿದರೂ ಪೂರ್ತಿ ಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಅದು ಇಮ್ಮಡಿ.

ಮಿದುಳಿನ ಮುಂಭಾಗದ ಮಾತು ಬಂದಾಗ ಅಮೆರಿಕದ ಫಿನಿಯಸ್ ಗೇಜ್‌ನ ಕಥೆಯನ್ನು ಅರ್ಧ ಹೇಳುವುದು ರೂಢಿ. 1848ರ ಸೆಪ್ಟೆಂಬರ್ 13ರಂದು ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವಾಗ ಮೂರೂವರೆ ಅಡಿಗೂ ಉದ್ದದ ಕಬ್ಬಿಣದ ಸಲಾಕೆ ಈ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಬದುಕಿದ. ಆದರೆ ಸ್ವಭಾವ ಎಷ್ಟು ಬದಲಾಗಿತ್ತೆಂದರೆ ಗುತ್ತಿಗೆದಾರರು ಅವನನ್ನು ಹಳೆಯ ಜಾಗಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಅವನ ವೈದ್ಯ ಹಾರ್ಲೋ ಬರೆದಿಟ್ಟ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಉಳಿದರ್ಧ ಏನೆಂದರೆ, ಗೇಜ್ ಮೊದಲು ಕುದುರೆ ಲಾಯವೊಂದರಲ್ಲಿ ಕೆಲಸ ಮಾಡಿದ, 1852ರಲ್ಲಿ ಚಿಲಿ ದೇಶಕ್ಕೆ ಹೋಗಿ ಸುಮಾರು ಏಳು ವರ್ಷ ಕುದುರೆಗಾಡಿ ಓಡಿಸಿದ. ಅವನ ಬದುಕನ್ನು ಕೆದಕಿ ನೋಡಿದ ಇತಿಹಾಸಕಾರ ಮಾಲ್ಕಮ್ ಮೆಕ್‌ಮಿಲನ್ ವಾದವೆಂದರೆ, ದಿನಾ ಅದೇ ಹೊತ್ತಿಗೆ ಏಳುವುದು, ಅದೇ ಕುದುರೆಗಳನ್ನು ಕಟ್ಟುವುದು, ಅದೇ ದಾರಿ ಹಿಡಿಯುವುದು ಎಂಬ ಕಟ್ಟುಪಾಡೇ ಅವನನ್ನು ತಕ್ಕಮಟ್ಟಿಗೆ ಮತ್ತೆ ಮನುಷ್ಯರ ನಡುವೆ ತಂದು ನಿಲ್ಲಿಸಿತು. ಮೇಸ್ತ್ರಿಯ ಕೆಲಸ, ಎಂದರೆ ಹತ್ತು ಆಳುಗಳನ್ನು ಹಿಡಿದು ನಡೆಸುವ ಕೆಲಸ, ಅವನಿಗೆ ಮತ್ತೆ ಸಿಗಲಿಲ್ಲ. ಕುದುರೆಯ ಕೆಲಸ ಸಿಕ್ಕಿತು. (ಕೊನೆಗೆ 1860ರಲ್ಲಿ ಫಿಟ್ಸ್ ಬಂದು ಸತ್ತ, ಆದ್ದರಿಂದ ಗಾಡಿ ಓಡಿಸುವುದನ್ನು ಯಾರೂ ಮಾದರಿ ಎಂದುಕೊಳ್ಳಬಾರದು.)

ಈ ಲೇಖನದ ವಾದವೂ ಅದೇ ಜಾಡಿನದು. ಕೆಲಸ ಎನ್ನುವುದು ಪೂರ್ತಿ ಗುಣವಾದ ಮೇಲೆ ಕೈಗೆ ಸಿಗುವ ಬಹುಮಾನವಲ್ಲ. ಗುಣವಾಗುವ ದಾರಿಯಲ್ಲಿ ಅದೂ ಒಂದು ಔಷಧ, ಪ್ರಮಾಣ ನೋಡಿ ಕೊಡಬೇಕಾದ್ದು. ನಮ್ಮಲ್ಲಿ ಆಗುತ್ತಿರುವ ತಪ್ಪು ಎರಡೇ ಬಾಗಿಲು ತೆರೆದಿಡುವುದು: ಮೊದಲಿನ ಕೆಲಸಕ್ಕೆ ಪೂರ್ತಿ ಹೋಗು, ಇಲ್ಲವೆ ಕಟ್ಟೆಯ ಮೇಲೆ ಕೂತಿರು. 2009ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಿದುಳಿಗೆ ಗಾಯವಾದವರಲ್ಲಿ ಒಂದೆರಡು ವರ್ಷಗಳ ನಂತರ ದುಡಿಮೆಗೆ ಮರಳಿದವರು ನೂರಕ್ಕೆ ಸುಮಾರು 40. ಅದೂ ಪುನರ್ವಸತಿ ಕೇಂದ್ರ, ವಿಮೆ ಎಲ್ಲ ಇರುವ ನಾಡುಗಳಲ್ಲಿ. ಅಮೆರಿಕದ ವರ್ಜೀನಿಯಾದಲ್ಲಿ ಪಾಲ್ ವೆಹ್ಮನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕ್ರಮವನ್ನೇ ತಿರುವಿ ಹಾಕಿದರು: ತರಬೇತಿ ಕೊಟ್ಟು ಕೆಲಸಕ್ಕೆ ಕಳಿಸುವ ಬದಲು, ಮೊದಲು ಕೆಲಸದ ಜಾಗಕ್ಕೇ ಕರೆದೊಯ್ದು, ಪಕ್ಕದಲ್ಲಿ ಒಬ್ಬರು ನಿಂತು ಕಲಿಸಿ, ಮೆಲ್ಲಗೆ ಹಿಂದೆ ಸರಿಯುವುದು. ಆಸ್ಪತ್ರೆಯ ಕೋಣೆಯಲ್ಲಿ ಕಲಿತದ್ದನ್ನು ಹೊಲಕ್ಕೆ ಹೊಂದಿಸಿಕೊಳ್ಳುವ ಶಕ್ತಿಯೇ ಇವರಲ್ಲಿ ಕುಂದಿರುವುದರಿಂದ, ಹೊಲದಲ್ಲೇ ಕಲಿಸಬೇಕು ಎಂಬುದು ತರ್ಕ. ಇನ್ನೊಂದು ಆಧಾರವೂ ಇದೆ. ಕೆನಡಾದ ಬ್ರೆಂಡಾ ಮಿಲ್ನರ್, ಹೊಸ ನೆನಪೇ ಉಳಿಯದ ಒಬ್ಬ ರೋಗಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದನ್ನು ಸತತ ಮೂರು ದಿನ ಮಾಡಿಸಿದರು. ನಿನ್ನೆ ಮಾಡಿದ್ದೇ ಅವನಿಗೆ ನೆನಪಿರಲಿಲ್ಲ, ಆದರೆ ಕೈ ಮಾತ್ರ ದಿನದಿಂದ ದಿನಕ್ಕೆ ಪಳಗುತ್ತಿತ್ತು. ಗೌಂಡಿಯ ಕರಣೆ, ಒಕ್ಕಲಿಗನ ಕುಡುಗೋಲು ಇಂಥ ಕೈ ನೆನಪಿಗೆ ಸೇರಿದವು. ಮುಂದಿನ ಗೋಡೆ ಯಾವುದು, ಎಷ್ಟು ಇಟ್ಟಿಗೆ ಬೇಕು ಎಂಬ ಯೋಜನೆ ಬೇರೆಯವರು ಮಾಡಿಕೊಟ್ಟರೆ ಇಟ್ಟಿಗೆ ಕೂರಿಸುವ ಕೈ ಇನ್ನೂ ಅವನದೇ.

ಹಾಗಾದರೆ ಕೆಲಸವನ್ನು ಇಡಿಯಾಗಿ ನೋಡದೆ ಒಡೆದು ನೋಡಬೇಕು. ಈ ಮೂರೂ ತಾಲ್ಲೂಕುಗಳ ಜೀವಾಳ ತೊಗರಿ. 2019ರಲ್ಲಿ ಭೌಗೋಳಿಕ ಗುರುತೂ ಪಡೆದ ಬೆಳೆ. ‘ಹೊಲದ ಕೆಲಸ’ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಒಡೆದರೆ ಅದು ಹತ್ತು ಕೆಲಸ. ಸದಿ (ಕಳೆ) ತೆಗೆಯುವುದು ಸಾಲು ಹಿಡಿದು ಹೋಗುವ ಕೆಲಸ, ಎರಡೂ ಬದಿಗೆ ಜೊತೆಯವರಿರುತ್ತಾರೆ, ಮರೆತರೆ ಪಕ್ಕದ ಸಾಲೇ ನೆನಪಿಸುತ್ತದೆ. ತೊಗರಿಯ ಕುಡಿ ಚಿವುಟುವುದೂ ಅಂಥದ್ದೇ. ಗಿಡದಿಂದ ಗಿಡಕ್ಕೆ ಅದೇ ಕ್ರಮ, ಬೆಳಗಿನ ತಂಪಿನಲ್ಲಿ ಮೂರು ತಾಸು ಮಾಡಿ ಎದ್ದುಬಿಡಬಹುದು. ಆದರೆ ಔಷಧ ಹೊಡೆಯುವ ಕೆಲಸ ಬೇರೆ. ಒಂದು ಕ್ಯಾನಿಗೆ ಎಷ್ಟು ಎಂ.ಎಲ್., ಈ ಕ್ಯಾನಿಗೆ ಹಾಕಿದೆನೋ ಇಲ್ಲವೋ ಎಂಬುದು ಮರೆತರೆ ಬೆಳೆಯೂ ಹೋದೀತು, ಜೀವಕ್ಕೂ ಬಂದೀತು. ಭೀಮೆಯ ನೀರಿನಲ್ಲಿ ಕಬ್ಬು ಬೆಳೆಯುವ ಅಫಜಲಪುರದ ಕಡೆ ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಎದ್ದು ನೀರು ಕಟ್ಟುವುದು ಸಾಮಾನ್ಯ ಸಂಗತಿ; ತಲೆಗೆ ಪೆಟ್ಟಾಗಿ ಫಿಟ್ಸ್ ಬರುವವನಿಗೆ ಅದೇ ಎಲ್ಲಕ್ಕಿಂತ ಕೆಟ್ಟ ಕೆಲಸ, ಯಾಕೆಂದರೆ ನಿದ್ದೆಗೆಡುವುದೇ ಫಿಟ್ಸನ್ನು ಕರೆಯುತ್ತದೆ. ಬಾವಿಯ ದಂಡೆ, ರಾಶಿ ಯಂತ್ರ, ಟ್ರ್ಯಾಕ್ಟರ್ ಅವನಿಗೆ ಬೇಡ. ಕಣದಲ್ಲಿ ಚೀಲ ಹಿಡಿಯುವುದು, ಬಾಯಿ ಹೊಲಿಯುವುದು ಆದೀತು. ಕಾಟಾದ ಮೇಲೆ ತೂಗಿದ್ದನ್ನು ಬರೆದುಕೊಳ್ಳುವುದನ್ನು ಒಬ್ಬರು ಪಕ್ಕದಲ್ಲಿದ್ದು ಪರೀಕ್ಷಿಸಿ ನೋಡಬೇಕು. ಕಿರಾಣಿ ಅಂಗಡಿಯವನಾದರೆ ಗಲ್ಲೆ ಬಿಟ್ಟು ಹಿಂದಿನ ಕೋಣೆಯಲ್ಲಿ ಬೇಳೆ, ಸಕ್ಕರೆ ಅರ್ಧ ಕೆ.ಜಿ., ಒಂದು ಕೆ.ಜಿ. ಪೊಟ್ಟಣ ಕಟ್ಟುವ ಕೆಲಸದಿಂದ ಶುರು ಮಾಡಬಹುದು. ಇದಕ್ಕೆ ಕಾರ್ಖಾನೆ ಬೇಡ, ಅನುದಾನ ಬೇಡ, ಯೋಚನೆ ಬೇಕು.

ಹೆಣ್ಣುಮಕ್ಕಳ ಮಾತು ಬಂದಾಗ ಈ ಯೋಚನೆಯೂ ಮಾಯವಾಗುತ್ತದೆ. ತಲೆಗೆ ಪೆಟ್ಟಾದ ಗಂಡಸು ಕೂಲಿಗೆ ಹೋಗದಿದ್ದರೆ ಎಲ್ಲರಿಗೂ ಕಾಣುತ್ತದೆ. ಹೆಂಗಸು ಒಲೆ ಮುಂದೆ ಕೂತರೆ ಅವಳು ‘ಕೆಲಸಕ್ಕೆ ಮರಳಿದಳು’ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಹಂಚಿನ ಮೇಲೆ ರೊಟ್ಟಿ, ಪಕ್ಕದಲ್ಲಿ ಪಲ್ಯ, ಇನ್ನೊಂದು ಕಡೆ ಬೇಳೆ, ಹಿಂದೆ ಅಳುವ ಮಗು: ಕಿರಾಣಿ ಗಲ್ಲೆಗಿಂತ ಇದೇನು ಸುಲಭದ ಕೆಲಸವಲ್ಲ, ಬೆಂಕಿ ಬೇರೆ. ವಿದೇಶಗಳಲ್ಲಿ ಮಿದುಳು ಗಾಯದ ಪುನರ್ವಸತಿಗೆ ಅಡುಗೆಮನೆಯನ್ನೇ ಪರೀಕ್ಷೆಯ ಜಾಗ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಅವಳಿಗೆ ‘ರೊಟ್ಟಿ ಸುಟ್ಟುಹಾಕಿದಳು’ ಎಂಬ ಬೈಗುಳ ಸಿಗುತ್ತದೆ.

ಸರ್ಕಾರದ ಗಡಿಯಾರ ನೋಡಿದರೆ ಕೊರತೆ ಎಲ್ಲಿದೆ ಎಂದು ತಿಳಿಯುತ್ತದೆ. 2016ರಲ್ಲಿ ಬಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಅಪಘಾತವಾದ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಕೊಟ್ಟಿತು. 2025ರ ಕೇಂದ್ರದ ನಗದುರಹಿತ ಯೋಜನೆ ಏಳು ದಿನ, ಒಂದೂವರೆ ಲಕ್ಷ ರೂಪಾಯಿಯವರೆಗೆ. ಎರಡೂ ಒಳ್ಳೆಯವು, ಜೀವ ಉಳಿಸಿವೆ. ಆದರೆ ದುಡಿಮೆಗೆ ಮರಳುವ ಲೆಕ್ಕ ದಿನಗಳದ್ದಲ್ಲ, ವರ್ಷಗಳದ್ದು. ನಿಮ್ಹಾನ್ಸ್‌ನಲ್ಲಿ ಮಿದುಳು ಗಾಯದ ನಂತರದ ಗಮನ, ನೆನಪುಗಳ ಪರೀಕ್ಷೆ, ತರಬೇತಿ ಎರಡೂ ಬಹಳ ಕಾಲದಿಂದ ನಡೆದಿವೆ. ಆದರೆ ಬೆಂಗಳೂರಿನಲ್ಲಿರುವ ಅದು ಇಲ್ಲಿಂದ ಸುಮಾರು 600 ಕಿ.ಮೀ. ದೂರ. ನಿಮ್ಹಾನ್ಸ್ ಕೈಜೋಡಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳತ್ತ ಹೊರಳಿತು. ವೈದ್ಯರು ಜಿಲ್ಲೆಗೆ ಬರುವುದು ದೊಡ್ಡ ಸಂಗತಿಯೇ, ಆದರೆ ಅಫಜಲಪುರದ ಹಳ್ಳಿಯ ಹೊಲದ ಬದುವಿಗೆ ಅವರು ಬರಲಾರರು.

ಕಾನೂನು ಏನು ಹೇಳುತ್ತದೆ? ನೌಕರಿ ಇದ್ದವನಿಗೆ ಚೆನ್ನಾಗಿಯೇ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಹಳೆಯ ಹುದ್ದೆ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಜೇವರ್ಗಿ ಡಿಪೋದ ಬಸ್ ಚಾಲಕನಿಗೂ ಆಳಂದದ ಶಾಲಾ ಶಿಕ್ಷಕಿಗೂ ಇದು ಕವಚ. ಆದರೆ ಮುಕಾದಮನ ಕೈಯಲ್ಲಿ ಮುಂಗಡ ಪಡೆದು ಕಬ್ಬು ಕಡಿಯಲು ಹೋದವನಿಗೆ ‘ಹುದ್ದೆ’ ಎಲ್ಲಿದೆ, ಬದಲಿ ಹುದ್ದೆ ಯಾರು ಕೊಡಬೇಕು? ಇದೇ ಕಾಯ್ದೆ 21 ಬಗೆಯ ಅಂಗವೈಕಲ್ಯ ಹೆಸರಿಸುತ್ತದೆ. ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಪೆಟ್ಟಿನಿಂದಾದ ಮಿದುಳು ಗಾಯಕ್ಕೆ ಅದರದೇ ಹೆಸರಿನ ಸಾಲು ಇಲ್ಲ. ಕೈಕಾಲಿನ ಬಲ ಹೋಗಿದ್ದರೆ, ಮಾತು ಹೋಗಿದ್ದರೆ ಶೇಕಡಾವಾರು ಸಿಗುತ್ತದೆ. ನೆನಪು, ಗಮನ, ಸಿಟ್ಟಿನ ತೊಂದರೆ ಮಾತ್ರ ಇದ್ದವನು ಬಹುಪಾಲು ಮಾನಸಿಕ ಕಾಯಿಲೆಯ ಕಾಲಂನಲ್ಲಿ ಕೂರಬೇಕು. ಅಲ್ಲಿ ಬಳಸುವ ಐಡಿಯಾಸ್ ಎಂಬ ಅಳತೆ ಕೆಲಸ ಮಾಡುವ ಶಕ್ತಿಯನ್ನೂ ಎಣಿಸುತ್ತದೆ ಎಂಬುದು ಅದರ ಒಳ್ಳೆಯ ಗುಣ. ಆದರೆ ‘ಮೆಂಟಲ್ ಸರ್ಟಿಫಿಕೇಟ್’ ಬೇಡವೆಂದು ಮನೆಯವರೇ ಹಿಂದೆ ಸರಿಯುತ್ತಾರೆ. ತಂಗಿಯ ಮದುವೆಯ ಚಿಂತೆ ಇದ್ದ ಮನೆಯನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ.

ವಿಚಿತ್ರವೆಂದರೆ, ‘ಇವನು ಇನ್ನು ಯಾವ ಕೆಲಸ ಮಾಡಬಲ್ಲ’ ಎಂಬ ಪ್ರಶ್ನೆಯನ್ನು ಕ್ರಮವಾಗಿ ಕೇಳುವ ಒಂದೇ ಜಾಗ ನಮ್ಮಲ್ಲಿದೆ. ಅದು ಆಸ್ಪತ್ರೆಯಲ್ಲ, ಪಂಚಾಯಿತಿಯಲ್ಲ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. 2010ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ, ಅಂಗವೈಕಲ್ಯದ ಶೇಕಡಾವಾರು ಬೇರೆ, ದುಡಿಮೆಯ ನಷ್ಟ ಬೇರೆ ಎಂದು ಬಿಡಿಸಿ ಹೇಳಿತು. ಎಡಗೈ ಹೋದ ಚಾಲಕ ಅಥವಾ ಬಡಗಿಯ ದುಡಿಮೆ ಪೂರ್ತಿ ಹೋದಂತೆಯೇ. ಅದೇ ಕೈ ಹೋದ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಆದ್ದರಿಂದ ನ್ಯಾಯಮಂಡಳಿ ಮೊದಲು ಇವನು ಏನು ಮಾಡಬಲ್ಲ, ಏನು ಮಾಡಲಾರ ನೋಡಬೇಕು. ಆಮೇಲೆ ಅಪಘಾತಕ್ಕೆ ಮೊದಲು ಏನು ಮಾಡುತ್ತಿದ್ದ, ವಯಸ್ಸೆಷ್ಟು ಎಂದು ಕೇಳಬೇಕು. ಕೊನೆಗೆ, ದುಡಿಮೆ ಪೂರ್ತಿ ನಿಂತಿತೆ, ಹಳೆಯದೇ ಸಾಗುತ್ತದೆಯೆ, ಅಥವಾ ಬೇರೆಯ ಇಲ್ಲವೆ ಕಡಿಮೆ ಮಟ್ಟದ ಕೆಲಸ ಸಾಧ್ಯವೆ ಎಂದು ತೀರ್ಮಾನಿಸಬೇಕು. ಪುನರ್ವಸತಿ ತಜ್ಞರೂ ಕೇಳುವುದು ಇವೇ ಪ್ರಶ್ನೆ. ಆದರೆ ಕೋರ್ಟು ಕೇಳುವುದು ಹಣದ ಲೆಕ್ಕಕ್ಕಾಗಿ. ಉತ್ತರ ತೀರ್ಪಿನಲ್ಲೇ ಉಳಿಯುತ್ತದೆ. ಅದನ್ನು ಹಿಡಿದುಕೊಂಡು ಅವನನ್ನು ಕೆಲಸಕ್ಕೆ ಹಚ್ಚುವುದು ಯಾರ ಜವಾಬ್ದಾರಿಯೂ ಅಲ್ಲ.

ಇಲ್ಲೇ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ: ಕೇಸು ನಡೆಯುತ್ತಿರುವಾಗ ಇವನು ಸದಿ ತೆಗೆಯಲು ಹೋದದ್ದನ್ನು ವಿಮಾ ಕಂಪನಿಯವರು ತೋರಿಸಿದರೆ ಪರಿಹಾರ ಕಡಿಮೆಯಾಗದೆ? ಈ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಅವನನ್ನು ವರ್ಷಗಟ್ಟಲೆ ಕೂರಿಸುತ್ತಾರೆ. ಆದರೆ ಮೇಲಿನ ತೀರ್ಪನ್ನೇ ಸರಿಯಾಗಿ ಓದಿದರೆ, ಕಡಿಮೆ ಮಟ್ಟದ ಕೆಲಸಕ್ಕೆ ಇಳಿಯುವುದೇ ನಷ್ಟಕ್ಕೆ ಸಾಕ್ಷಿ. ಗೌಂಡಿಯಾಗಿದ್ದವನು ಇಂದು ಮೂರು ತಾಸು ಪೊಟ್ಟಣ ಕಟ್ಟುತ್ತಾನೆ ಎಂದರೆ ಅವನ ಹಳೆಯ ಕೂಲಿಗೂ ಈಗಿನದಕ್ಕೂ ಇರುವ ಅಂತರ ಎಲ್ಲರಿಗೂ ಕಾಣುತ್ತದೆ. ವಕೀಲರು ಇದನ್ನು ಕಕ್ಷಿದಾರರಿಗೆ ಬಿಡಿಸಿ ಹೇಳಬೇಕು. ಕೂತು ಕಳೆದ ಎರಡು ವರ್ಷಕ್ಕೆ ಪರಿಹಾರ ಬಂದೀತು, ಆದರೆ ಆ ಎರಡು ವರ್ಷದಲ್ಲಿ ಕೈ ಮರೆತದ್ದು ಚೆಕ್ಕಿನ ಜೊತೆ ವಾಪಸು ಬರುವುದಿಲ್ಲ.

ಗಟ್ಟಿಮುಟ್ಟಾದವರಿಗೇ ಕೆಲಸವಿಲ್ಲದೆ ಗುಳೆ ಹೋಗುವ ಸೀಮೆಯಲ್ಲಿ ಇವನಿಗೆಲ್ಲಿಯ ಕೆಲಸ ಎಂದು ಕೇಳುವವರೂ ಇದ್ದಾರೆ. ಒಬ್ಬ ಮನೆಯಲ್ಲಿ ಕೂತರೆ ಹೋಗುವುದು ಒಂದು ಕೂಲಿಯಲ್ಲ, ಅವನನ್ನು ಕಾಯಲು ಉಳಿದ ಹೆಂಡತಿಯದೋ ತಾಯಿಯದೋ ಸೇರಿ ಎರಡು. ಅವನು ಅವಳ ಜೊತೆಗೇ ಅದೇ ಸಾಲಿನಲ್ಲಿ ಅರ್ಧ ದಿನ ದುಡಿದರೂ ಮನೆಗೆ ಒಂದೂವರೆ ಕೂಲಿ. ನರೇಗಾದಡಿ ಕರ್ನಾಟಕವು ಅಂಗವಿಕಲರಿಗೆ, ಹಿರಿಯರಿಗೆ ಕೆಲಸದ ಪ್ರಮಾಣದಲ್ಲಿ ಶೇ 50 ರಿಯಾಯಿತಿ ಕೊಟ್ಟು ಪೂರ್ತಿ ಕೂಲಿ ಕೊಡುವ ಪದ್ಧತಿ ತಂದಿತ್ತು. ಯೋಜನೆಯ ಹೆಸರು, ರೂಪ ಏನೇ ಆಗಲಿ, ಆ ತತ್ವ ಉಳಿಯಬೇಕು. ಮಿದುಳು ಗಾಯದವನಿಗೆ ಅದಕ್ಕಿಂತ ಹೊಂದುವ ವ್ಯವಸ್ಥೆ ಬೇರೆ ಸಿಗುವುದಿಲ್ಲ.

ಅಪಾಯದ ಮಾತನ್ನಂತೂ ತಳ್ಳಿಹಾಕಲಾಗದು. ಗಾಯ ಮಾಗುವ ಮೊದಲು ಮತ್ತೊಂದು ಪೆಟ್ಟು ಬಿದ್ದರೆ ಮೊದಲಿನದಕ್ಕಿಂತ ಕೆಡಕು. ಫಿಟ್ಸ್ ತಿಂಗಳುಗಳ ನಂತರವೂ, ಕೆಲವರಿಗೆ ವರ್ಷಗಳ ನಂತರವೂ ಬರಬಹುದು, ಮಾತ್ರೆಯನ್ನು ಮನಸ್ಸಿಗೆ ಬಂದಾಗ ನಿಲ್ಲಿಸುವಂತಿಲ್ಲ. ಚಾಲನಾ ಪರವಾನಗಿಯ ಫಾರ್ಮ್ 1ರಲ್ಲಿ ಫಿಟ್ಸ್ ಇದೆಯೇ, ಇದ್ದಕ್ಕಿದ್ದಂತೆ ಎಚ್ಚರ ತಪ್ಪುತ್ತದೆಯೇ ಎಂಬ ಪ್ರಶ್ನೆ ಸುಮ್ಮನೆ ಇಲ್ಲ. ಟಂಟಂ, ಟ್ರ್ಯಾಕ್ಟರ್ ಓಡಿಸುತ್ತಿದ್ದವನಿಗೆ ಕೆಲಸ ಬದಲಿಸು ಎಂದೇ ಹೇಳಬೇಕಾದೀತು, ಅದು ಕಹಿಯಾದರೂ. ಹಾಗೆಯೇ, ತೀವ್ರವಾಗಿ ಗಾಯಗೊಂಡ ಕೆಲವರು ಯಾವ ಕೆಲಸಕ್ಕೂ ಮರಳಲಾರರು. ಅವರಿಗೆ ಬೇಕಾದ್ದು ಪಿಂಚಣಿ, ಆರೈಕೆ. ‘ಪ್ರಯತ್ನ ಮಾಡು’ ಎಂಬ ಉಪದೇಶ ಅವರ ಪಾಲಿಗೆ ಹಿಂಸೆ.

ಹಾಗಾದರೆ ಬದುವಿನ ಮೇಲೆ ನಿಂತು ಕೆಲಸ ಒಡೆದು ನೋಡುವವರು ಯಾರು? ಆ ವ್ಯಕ್ತಿ ಈಗಾಗಲೇ ಊರಿನಲ್ಲಿದ್ದಾರೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ವಿಕಲಚೇತನರನ್ನೇ ಈ ಕೆಲಸಕ್ಕೆ ತೆಗೆದುಕೊಂಡದ್ದು ಈ ವ್ಯವಸ್ಥೆಯ ಜಾಣತನ. ಅಂಗವೈಕಲ್ಯದ ಗುರುತಿನ ಯುಡಿಐಡಿ ಕಾರ್ಡು, ಪಿಂಚಣಿ, ಬಸ್ ಪಾಸಿನ ಅರ್ಜಿಗಳಲ್ಲೇ ಅವರ ದಿನ ಮುಗಿಯುತ್ತದೆ. ಸುಪ್ರೀಂ ಕೋರ್ಟಿನ ಆ ಪ್ರಶ್ನೆಗಳನ್ನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಅವರ ಕೈಗೆ ಕೊಟ್ಟು, ನಾಲ್ಕು ದಿನ ತರಬೇತಿ ಕೊಟ್ಟರೆ ಕೆಲಸ ಶುರುವಾಗುತ್ತದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲಿ ಮನೋವಿಜ್ಞಾನ, ಸಮಾಜಕಾರ್ಯ ಓದುವ ಹುಡುಗ ಹುಡುಗಿಯರಿದ್ದಾರೆ. ಅವರ ಕ್ಷೇತ್ರಕಾರ್ಯಕ್ಕೆ ಇದಕ್ಕಿಂತ ಹತ್ತಿರದ ಕ್ಷೇತ್ರ ಯಾವುದಿದೆ?

ಅದೆಲ್ಲ ಆಗುವವರೆಗೆ ಮನೆಯವರಿಗೆ ಒಂದೇ ಕೋರಿಕೆ. ಡಿಸ್ಚಾರ್ಜ್ ದಿನ ವೈದ್ಯರನ್ನು ‘ಹುಷಾರ್ ಆಗ್ಯಾನೇನ್ರಿ?’ ಎಂದಷ್ಟೇ ಕೇಳಿ ಎದ್ದು ಬರಬೇಡಿ. ‘ಯಾವ ಕೆಲಸ ಮಾಡಬಹುದ್ರಿ, ಯಾವುದು ಬ್ಯಾಡ, ದಿನಕ್ಕ ಎಷ್ಟು ತಾಸು, ಮತ್ತ ಯಾವಾಗ ಬಂದು ತೋರಿಸಬೇಕ್ರಿ?’ ಎಂದು ಕೇಳಿ, ಉತ್ತರವನ್ನು ಡಿಸ್ಚಾರ್ಜ್ ಕಾರ್ಡಿನ ಹಿಂಬದಿಗೆ ಬರೆಸಿಕೊಂಡು ಬನ್ನಿ.